ಭಾನುವಾರದಾಚೆಗಿನ ಚರ್ಚ್

ಇಂಗ್ಲೆಂಡಿನ ನಗರಗಳ ಹೊರಬಡಾವಣೆಗಳಲ್ಲಿ ಚರ್ಚ್ ಎಂದರೆ ಹಲವು ಕಡೆ ಒಂದು ಕಟ್ಟಡವಲ್ಲ, ಎರಡು. ಆರಾಧನೆ ನಡೆಯುವ ಆಲಯದ ಪಕ್ಕಕ್ಕೋ ಹಿಂಬದಿಗೋ ಒಂದು ಸಾದಾ ಹಾಲ್ ಇರುತ್ತದೆ. ಭಾನುವಾರ ಬೆಳಿಗ್ಗೆ ಆಲಯದಲ್ಲಿ ಸೇರುವ ಜನಕ್ಕಿಂತ ಸೋಮವಾರದಿಂದ ಶನಿವಾರದವರೆಗೆ ಹಾಲ್‌ಗೆ ಬಂದುಹೋಗುವವರೇ ಹೆಚ್ಚಿರುವುದು ಅಪರೂಪವೇನಲ್ಲ. ಕೈಗೂಸು ಎತ್ತಿಕೊಂಡ ತಾಯಂದಿರು, ಸ್ಕೌಟ್ ಹುಡುಗರು, ಕುಡಿತ ಬಿಡಲು ಹೆಣಗುತ್ತಿರುವವರು, ರಕ್ತದಾನಿಗಳು, ನೃತ್ಯ ಕಲಿಯುವ ಮಕ್ಕಳು, ಮತದಾನದ ದಿನ ಇಡೀ ಬಡಾವಣೆ. ಇವರಲ್ಲಿ ಬಹಳಷ್ಟು ಮಂದಿ ಆರಾಧನೆಗೆ ಕಾಲಿಡುವವರಲ್ಲ, ಕ್ರೈಸ್ತರಲ್ಲದವರೂ ಇದ್ದಾರೆ. ಕರ್ನಾಟಕದ ಬಡಾವಣೆಗಳಲ್ಲಿ ಸಮುದಾಯ ಭವನ, ದೇವಸ್ಥಾನದ ಕಲ್ಯಾಣ ಮಂಟಪ, ಶಾಲೆಯ ಅಂಗಳ ಹಂಚಿಕೊಂಡು ಮಾಡುವ ಕೆಲಸದ ದೊಡ್ಡ ಪಾಲನ್ನು ಅಲ್ಲಿ ಈ ಹಾಲ್ ಹೊತ್ತಿದೆ.

ಇದನ್ನು ಭಕ್ತಿ ತೆಳುವಾದ ಕಾಲದ ಹೊಂದಾಣಿಕೆ ಎಂದು ಭಾವಿಸುವವರಿದ್ದಾರೆ. ಇತಿಹಾಸ ಬೇರೆಯೇ ಹೇಳುತ್ತದೆ. ಮಧ್ಯಯುಗದ ಇಂಗ್ಲಿಷ್ ಚರ್ಚಿನಲ್ಲಿ ಬಲಿಪೀಠವಿದ್ದ ಪೂರ್ವ ಭಾಗದ ದುರಸ್ತಿ ಪಾದ್ರಿಯ ಹೊಣೆ. ಜನ ನಿಲ್ಲುತ್ತಿದ್ದ ಉದ್ದನೆಯ ನಡುಮನೆಯ ದುರಸ್ತಿ ಊರವರ ಹೊಣೆ. ಹೊಣೆ ಹೊತ್ತವರಿಗೆ ಬಳಕೆಯ ಹಕ್ಕೂ ಇತ್ತು. ಆ ನಡುಮನೆಯಲ್ಲಿ ಕದಲದ ಬೆಂಚುಗಳು ಬರುವ ಮುನ್ನ ಸಭೆಗಳು, ವ್ಯಾಜ್ಯ ತೀರ್ಮಾನಗಳು, ಹಬ್ಬದೂಟಗಳು ನಡೆಯುತ್ತಿದ್ದವು. ಊರವರು ಬಿಯರ್ ಕುದಿಸಿ, ಮಾರಿ, ಬಂದ ಹಣದಲ್ಲಿ ಚಾವಣಿ ರಿಪೇರಿ ಮಾಡಿಸುತ್ತಿದ್ದ ‘ಚರ್ಚ್ ಏಲ್’ ಎಂಬ ಉತ್ಸವ ಎಷ್ಟು ಜನಪ್ರಿಯವಾಗಿತ್ತೆಂದರೆ, ಅದಕ್ಕಾಗಿಯೇ ‘ಚರ್ಚ್ ಹೌಸ್’ ಎಂಬ ಪ್ರತ್ಯೇಕ ಮನೆಗಳನ್ನು ಕಟ್ಟಲಾಯಿತು. ಇವತ್ತಿನ ಚರ್ಚ್ ಹಾಲ್‌ನ ಪೂರ್ವಜ ಅದು. ಪ್ಯೂರಿಟನ್ ಸುಧಾರಕರಿಗೆ ಈ ಕುಡಿತ-ಕುಣಿತ ಸರಿಬರಲಿಲ್ಲ. 17ನೇ ಶತಮಾನದ ಹೊತ್ತಿಗೆ ಪದ್ಧತಿ ಕ್ಷೀಣಿಸಿತು. ಕುಟುಂಬಕ್ಕೊಂದು ಬಾಗಿಲಿದ್ದ, ಕೆಲವೆಡೆ ಬಾಡಿಗೆ ಕಟ್ಟಬೇಕಿದ್ದ ಮರದ ಬೆಂಚುಗಳು ನೆಲ ತುಂಬಿದವು. ಚರ್ಚ್ ಎಂದರೆ ಸಾಲಾಗಿ ಕೂತು ಎದುರು ನೋಡುವ ಜಾಗ ಎಂಬ ಕಲ್ಪನೆ ಗಟ್ಟಿಯಾದದ್ದು ಆಮೇಲೆ.

ಊರಿನ ಆಡಳಿತವೂ ಅಲ್ಲಿಯೇ ಇತ್ತು. ಚರ್ಚಿನ ಉಡುಪು ಇಡುವ ಕೋಣೆಯಲ್ಲಿ ಸೇರುತ್ತಿದ್ದ ‘ವೆಸ್ಟ್ರಿ’ ಸಭೆ ರಸ್ತೆ ನೋಡಿಕೊಳ್ಳುತ್ತಿತ್ತು. 1601ರ ಬಡವರ ಕಾನೂನಿನ ಬಳಿಕ ತೆರಿಗೆ ಎತ್ತಿ ಬಡವರಿಗೆ ಹಂಚುವ ವ್ಯವಸ್ಥೆಯೂ ‘ಪ್ಯಾರಿಷ್’, ಅಂದರೆ ಒಂದು ಚರ್ಚಿಗೆ ಸೇರಿದ ಸೀಮೆಯದೇ ಆಯಿತು. 1834ರಲ್ಲಿ ಆ ಕೆಲಸ ಪ್ಯಾರಿಷ್‌ಗಳ ಒಕ್ಕೂಟಗಳಿಗೆ ಹೋಯಿತು. ಚರ್ಚಿಗೆ ಸಂಬಂಧಿಸದ ಉಳಿದ ಅಧಿಕಾರಗಳನ್ನು 1894ರ ಸ್ಥಳೀಯ ಆಡಳಿತ ಕಾಯ್ದೆ ಹಳ್ಳಿಗಾಡಿನಲ್ಲಿ ಚುನಾಯಿತ ಮಂಡಳಿಗಳಿಗೆ ಕೊಟ್ಟಿತು. ಅಧಿಕಾರ ಹೋದರೂ ಪ್ಯಾರಿಷ್ ಎಂಬ ಭೂಪಟ ಉಳಿಯಿತು. ಚರ್ಚ್ ಆಫ್ ಇಂಗ್ಲೆಂಡಿನ ಲೆಕ್ಕದಲ್ಲಿ ದೇಶದ ಪ್ರತಿ ಮನೆಯೂ ಯಾವುದೋ ಒಂದು ಪ್ಯಾರಿಷ್‌ನೊಳಗಿದೆ. ಇಂಥ ಪ್ಯಾರಿಷ್‌ಗಳು ಸುಮಾರು 12,500, ಚರ್ಚ್ ಕಟ್ಟಡಗಳು ಸುಮಾರು 16,000. ಆ ಗಡಿಯೊಳಗೆ ವಾಸಿಸುವವರಿಗೆ ಅಲ್ಲಿ ಮದುವೆಯಾಗಲು ಚರ್ಚಿನ ಸದಸ್ಯತ್ವ ಬೇಕಿಲ್ಲ; ವಿಳಾಸ ಸಾಕು. ಚರ್ಚ್ ಸಮುದಾಯ ಕೇಂದ್ರವಾಗುವ ಹೊಣೆ ಈ ಭೂಪಟದೊಳಗೇ ಅಡಗಿದೆ.

ಹೊರಬಡಾವಣೆಯ ಕಥೆ ಶುರುವಾಗುವುದು ಕೈಗಾರಿಕಾ ಕ್ರಾಂತಿಯಿಂದ. ಜನ ಹಳ್ಳಿ ಬಿಟ್ಟು ನಗರ ಸೇರಿದರು. ಹಳೆಯ ಚರ್ಚುಗಳು ಹಳ್ಳಿಯಲ್ಲೇ ಉಳಿದವು. 1818ರಲ್ಲಿ ಸಂಸತ್ತು ಹೊಸ ಚರ್ಚುಗಳಿಗೆಂದು 10 ಲಕ್ಷ ಪೌಂಡ್ ಮಂಜೂರು ಮಾಡಿತು. ರೈಲು ಬಂದು ಬಡಾವಣೆಗಳು ಇನ್ನೂ ದೂರ ಹಬ್ಬಿದಾಗ, ಕಾರ್ಖಾನೆಯಲ್ಲಿ ತಯಾರಾಗಿ ಬಿಡಿಬಿಡಿಯಾಗಿ ಬಂದಿಳಿಯುವ ತಗಡಿನ ಚರ್ಚುಗಳು ಮೊದಲು ಎದ್ದವು, ಇಟ್ಟಿಗೆಯ ಕಟ್ಟಡ ನಂತರ. ಅವುಗಳ ಜತೆಗೆ ‘ಮಿಷನ್ ರೂಮ್’ ಎಂಬ ಹಾಲ್‌ಗಳು. ವಾಚನಾಲಯ, ಹೊಲಿಗೆ ತರಗತಿ, ಉಳಿತಾಯ ಸಂಘ, ಮದ್ಯವಿರೋಧಿ ಸಭೆ ಎಲ್ಲವೂ ಅಲ್ಲಿಯೇ. ಮೇರಿ ಸಮ್ನರ್ 1876ರಲ್ಲಿ ಗಂಡನ ಪ್ಯಾರಿಷ್‌ನಲ್ಲಿ ಆರಂಭಿಸಿದ ತಾಯಂದಿರ ಕೂಟ ‘ಮದರ್ಸ್ ಯೂನಿಯನ್’ ಆಗಿ ಲೋಕದ ಹಲವು ದೇಶಗಳಿಗೆ ಹರಡಿತು. ಗ್ಲಾಸ್ಗೋದ ಒಂದು ಮಿಷನ್ ಹಾಲ್‌ನಲ್ಲಿ ವಿಲಿಯಂ ಸ್ಮಿತ್ 1883ರಲ್ಲಿ ಸೇರಿಸಿದ ಹುಡುಗರ ದಳವೇ ‘ಬಾಯ್ಸ್ ಬ್ರಿಗೇಡ್’.

ಫುಟ್‌ಬಾಲ್ ಪ್ರಿಯರಿಗೆ ಈ ಚರಿತ್ರೆಯ ಇನ್ನೊಂದು ಎಳೆ ಇಷ್ಟವಾದೀತು. ಆಸ್ಟನ್ ವಿಲ್ಲಾ ಹುಟ್ಟಿದ್ದು 1874ರಲ್ಲಿ, ಬರ್ಮಿಂಗ್‌ಹ್ಯಾಮ್ ಅಂಚಿನ ವಿಲ್ಲಾ ಕ್ರಾಸ್ ಮೆಥಡಿಸ್ಟ್ ಚಾಪೆಲ್‌ನ ಕ್ರಿಕೆಟ್ ಹುಡುಗರು ಚಳಿಗಾಲಕ್ಕೊಂದು ಆಟ ಹುಡುಕಿದಾಗ. ಎವರ್ಟನ್ 1878ರಲ್ಲಿ ಸೇಂಟ್ ಡೊಮಿಂಗೊ ಚಾಪೆಲ್‌ನಿಂದ ಬಂತು, ಫುಲಂ 1879ರಲ್ಲಿ ಸೇಂಟ್ ಆಂಡ್ರ್ಯೂಸ್ ಚರ್ಚಿನ ಭಾನುವಾರದ ಶಾಲೆಯಿಂದ. ಮ್ಯಾಂಚೆಸ್ಟರ್ ಸಿಟಿಯ ಮೂಲ 1880ರ ವೆಸ್ಟ್ ಗಾರ್ಟನ್‌ನ ಸೇಂಟ್ ಮಾರ್ಕ್ಸ್ ಚರ್ಚಿನ ತಂಡ. ನಿರುದ್ಯೋಗ, ಬೀದಿ ಜಗಳಗಳಿಂದ ನಲುಗಿದ್ದ ಪ್ರದೇಶ ಅದು. 1885ರಲ್ಲಿ ಸೇಂಟ್ ಮೇರಿ ಚರ್ಚಿನ ಯುವಕರ ಸಂಘದಿಂದ ಎದ್ದ ಸೌತಾಂಪ್ಟನ್ ತಂಡವನ್ನು ಅಭಿಮಾನಿಗಳು ಇಂದಿಗೂ ‘ಸೇಂಟ್ಸ್’ ಎಂದೇ ಕೂಗುತ್ತಾರೆ. ಬಡಾವಣೆಯ ಹುಡುಗರಿಗೆ ಒಂದು ಮೈದಾನ, ಒಂದು ಚೆಂಡು, ಹೆಸರು ಬರೆದುಕೊಳ್ಳುವ ಒಬ್ಬ ಹಿರಿಯ ಸಿಕ್ಕಿದ್ದು ಚರ್ಚಿನಲ್ಲಿ. ಕೋಟಿಗಟ್ಟಲೆ ಪೌಂಡ್ ವಹಿವಾಟಿನ ಕ್ಲಬ್‌ಗಳ ಬೇರು ಅಷ್ಟು ಸಣ್ಣದು.

ಎರಡು ಮಹಾಯುದ್ಧಗಳ ನಡುವೆ ಬ್ರಿಟನ್ನಿನಲ್ಲಿ ಸುಮಾರು 40 ಲಕ್ಷ ಹೊಸ ಮನೆಗಳು ಎದ್ದವು. ಲಂಡನ್ನಿನ ಪೂರ್ವಕ್ಕೆ 1921ರಿಂದ ಕಟ್ಟಿದ ಬೆಕನ್‌ಟ್ರೀ ಬಡಾವಣೆಯೊಂದರಲ್ಲೇ ಸುಮಾರು 26,000 ಮನೆಗಳಿದ್ದವು. ಕೊಳೆಗೇರಿಯಿಂದ ಬಂದವರಿಗೆ ನಲ್ಲಿ, ಬಚ್ಚಲು, ಹಿತ್ತಿಲು ಸಿಕ್ಕವು; ನೆರೆಹೊರೆ ಸಿಗಲಿಲ್ಲ. ಇಂಥ ಹೊಸ ಬಡಾವಣೆಗಳಲ್ಲಿ ಎರಡು ಕಟ್ಟಡಕ್ಕೆ ಹಣವಿಲ್ಲದ ಚರ್ಚುಗಳು ಒಂದೇ ಹಾಲ್ ಕಟ್ಟಿ, ಅದರ ಒಂದು ತುದಿಗೆ ಬಲಿಪೀಠ ಇಟ್ಟು, ಮಡಚುವ ತಡಿಕೆಯನ್ನೋ ಪರದೆಯನ್ನೋ ಎಳೆದವು. ಶನಿವಾರ ರಾತ್ರಿ ಪರದೆಯ ಈಚೆ ನೃತ್ಯ, ಭಾನುವಾರ ಬೆಳಿಗ್ಗೆ ಪರದೆ ಸರಿಸಿ ಆರಾಧನೆ. ಮುಂದೆ ಹಣ ಕೂಡಿದಾಗ ‘ನಿಜವಾದ’ ಚರ್ಚ್ ಕಟ್ಟುವ ಉದ್ದೇಶವಿರುತ್ತಿತ್ತು. ಎಷ್ಟೋ ಕಡೆ ಆ ದಿನ ಬರಲೇ ಇಲ್ಲ.

ಬಡತನದಿಂದ ಹುಟ್ಟಿದ ಈ ಏರ್ಪಾಡನ್ನು ತತ್ವವಾಗಿ ಎತ್ತಿ ಹಿಡಿದದ್ದು ಬರ್ಮಿಂಗ್‌ಹ್ಯಾಮ್. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜೆ.ಜಿ. ಡೇವಿಸ್, ಆರಾಧನೆ ಮತ್ತು ಧಾರ್ಮಿಕ ವಾಸ್ತುವಿನ ಅಧ್ಯಯನಕ್ಕೆಂದು ಒಂದು ಸಂಸ್ಥೆ ನಡೆಸುತ್ತಿದ್ದರು. ಚರ್ಚ್ ಕಟ್ಟಡಗಳ ಲೌಕಿಕ ಬಳಕೆಯ ಇತಿಹಾಸವನ್ನು 1968ರಲ್ಲಿ ಪುಸ್ತಕವಾಗಿ ತಂದರು. ಪವಿತ್ರ-ಲೌಕಿಕ ಎಂದು ನೆಲವನ್ನು ಸೀಳುವುದು ಕ್ರೈಸ್ತ ನಂಬಿಕೆಗೆ ಸಹಜವಲ್ಲ ಎಂಬುದು ಅವರ ವಾದದ ತಿರುಳು. ಅದೇ ವರ್ಷ ನಗರದ ಪೂರ್ವದ ಹೊರಬಡಾವಣೆ ಹಾಡ್ಜ್ ಹಿಲ್‌ನಲ್ಲಿ, ಆ ಸಂಸ್ಥೆಯ ಚಿಂತನೆಯಂತೆ, ಮಾರ್ಟಿನ್ ಪರ್ಡಿ ವಿನ್ಯಾಸದ ಸೇಂಟ್ ಫಿಲಿಪ್ ಮತ್ತು ಸೇಂಟ್ ಜೇಮ್ಸ್ ಚರ್ಚ್ ತೆರೆಯಿತು. ಆರಾಧನೆಯ ಜಾಗ ಮತ್ತು ಬಡಾವಣೆಯ ಜನರ ದಿನಬಳಕೆಯ ಜಾಗ ಒಂದೇ ಸೂರಿನಡಿ ಇದ್ದವು. ಹಾಲ್ ಚರ್ಚಿನ ಹಿತ್ತಿಲಲ್ಲಿ ಇರಲಿಲ್ಲ. ಚರ್ಚೇ ಹಾಲ್ ಆಗಿತ್ತು. ಬ್ರಿಟನ್ನಿನ ಚರ್ಚ್ ವಾಸ್ತುವಿನ ಚರ್ಚೆಗಳಲ್ಲಿ ಈ ಕಟ್ಟಡದ ಹೆಸರು ಬಹುಕಾಲ ಮಾದರಿಯಾಗಿ ಬರುತ್ತಿತ್ತು.

ಹಳೆಯ ಕಟ್ಟಡಗಳನ್ನು ಹೀಗೆ ತಿರುಗಿಸುವುದು ಹೆಚ್ಚು ಕಷ್ಟ. ಪೂರ್ವ ಲಂಡನ್ನಿನ ಬೋ ಪ್ರದೇಶದ ಓಲ್ಡ್ ಫೋರ್ಡ್‌ನಲ್ಲಿ 1878ರ ಸೇಂಟ್ ಪಾಲ್ಸ್ ಚರ್ಚ್ ಶಿಥಿಲವಾಗಿ ಹಲವು ವರ್ಷ ಬಾಗಿಲು ಹಾಕಿತ್ತು. 2004ರಲ್ಲಿ ಅದು ಮತ್ತೆ ತೆರೆದಾಗ ನಡುಮನೆಯೊಳಗೆ, ಉಕ್ಕಿನ ಕಾಲುಗಳ ಮೇಲೆ ಎತ್ತಿ ನಿಲ್ಲಿಸಿದ, ಟ್ಯುಲಿಪ್ ಮರದ ಪಟ್ಟಿ ಹೊದ್ದ ದೊಡ್ಡ ಕೋಣೆಯೊಂದಿತ್ತು. ವಾಸ್ತುಶಿಲ್ಪಿ ಮ್ಯಾಥ್ಯೂ ಲಾಯ್ಡ್ ವಿನ್ಯಾಸದ ಇದನ್ನು ನೋಹನ ನಾವೆಯ ನೆನಪಿಗೆ ‘ಆರ್ಕ್’ ಎನ್ನುತ್ತಾರೆ. ಅದರೊಳಗೆ ಕಲಾ ಗ್ಯಾಲರಿ, ಚಾವಣಿಯ ಹತ್ತಿರ ಜಿಮ್, ನೆಲಮಟ್ಟದಲ್ಲಿ ಕೆಫೆ. ಆರಾಧನೆಯ ಜಾಗ ತನ್ನಷ್ಟಕ್ಕೆ ಹಾಗೇ ಇದೆ. ಇಂಥ ಯಾವ ಬದಲಾವಣೆಗೂ ಚರ್ಚಿನದೇ ನ್ಯಾಯಾಲಯದಿಂದ ‘ಫ್ಯಾಕಲ್ಟಿ’ ಎಂಬ ಅಪ್ಪಣೆ ಬೇಕು. ವಿಕ್ಟೋರಿಯಾ ಕಾಲದ ಬೆಂಚು ಕೀಳುವ ಪ್ರಸ್ತಾಪ ಬಂದರೆ ಪರಂಪರೆ ಸಂಘಗಳು ಆಕ್ಷೇಪಿಸುತ್ತವೆ, ಹಳೆಯ ಸದಸ್ಯರು ಮುನಿಯುತ್ತಾರೆ. ಅಜ್ಜಿ ಕೂತ ಬೆಂಚು ಎಂಬುದು ಸಣ್ಣ ಮಾತಲ್ಲ. ಆದರೆ ಗಾಲಿಕುರ್ಚಿ ತಿರುಗಲು ಜಾಗವಿಲ್ಲದಿರುವುದೂ ಸಣ್ಣ ಮಾತಲ್ಲ. 2006ರ ತಿದ್ದುಪಡಿಯೊಂದು ಹಾದಿ ಸುಗಮ ಮಾಡಿತು: ಕಟ್ಟಡ ಒಟ್ಟಾರೆಯಾಗಿ ಆರಾಧನೆಗೇ ಮುಖ್ಯವಾಗಿ ಬಳಕೆಯಾಗುವವರೆಗೆ ಅದರ ಒಂದು ಭಾಗವನ್ನು ಗುತ್ತಿಗೆಗೆ ಕೊಡಬಹುದು. ಹಾಗಾಗಿ ಚರ್ಚಿನ ಮೂಲೆಯಲ್ಲಿ ಅಂಚೆ ಕಚೇರಿಯೋ ಅಂಗಡಿಯೋ ನಡೆಸಲು ಕಾನೂನಿನ ಅಡ್ಡಿ ಕಡಿಮೆಯಾಯಿತು.

ಸಾಮಾನ್ಯ ಹೊರಬಡಾವಣೆಯ ಹಾಲ್‌ನಲ್ಲಿ ಇಷ್ಟೆಲ್ಲ ವಾಸ್ತುವೈಭವ ಇರುವುದಿಲ್ಲ. ಒಂದರ ಮೇಲೊಂದು ಪೇರಿಸಿದ ಕುರ್ಚಿಗಳು, ಕಾಲು ಮಡಚುವ ಮೇಜುಗಳು, ಬ್ಯಾಡ್ಮಿಂಟನ್ ಅಂಕಣದ ಮಾಸಿದ ಗೆರೆ, ಪುಟ್ಟ ವೇದಿಕೆ, ಅಡುಗೆಮನೆಗೆ ತೆರೆಯುವ ಕಿಂಡಿ. ಕಿಂಡಿಯಾಚೆ ಒಮ್ಮೆಗೆ ಹತ್ತಾರು ಜನರಿಗೆ ಚಹಾ ಮಾಡಲು ನೀರು ಕಾಯುವ ಸ್ಟೀಲ್ ಡ್ರಮ್ಮು. ಗೋಡೆಯುದ್ದಕ್ಕೂ ಬೀಗ ಜಡಿದ ಕಪಾಟುಗಳು: ಒಂದರ ಮೇಲೆ ಬ್ರೌನೀಸ್ (ಪುಟ್ಟ ಹುಡುಗಿಯರ ಗೈಡ್ ದಳ), ಇನ್ನೊಂದರ ಮೇಲೆ ನಾಟಕ ತಂಡ, ಮತ್ತೊಂದರ ಮೇಲೆ ಶಿಶುಕೂಟ ಎಂದು ಚೀಟಿ. ಯಾರ ಆಟಿಕೆಯನ್ನು ಯಾರು ಮುರಿದರು ಎಂಬ ತಕರಾರು ಇಲ್ಲಿಯ ನಿತ್ಯದ ರಾಜಕೀಯ. ಇವೆಲ್ಲದರ ನಡುವೆ ಸಮಯ ಹೊಂದಿಸಿ, ಕೀಲಿ ಕೊಟ್ಟು, ಬಾಡಿಗೆ ಬರೆದುಕೊಂಡು, ಕೆಟ್ಟ ಬಾಯ್ಲರ್‌ಗೆ ಮೆಕ್ಯಾನಿಕ್ ಕರೆಸುವವರು ಹಾಲ್ ಕಾರ್ಯದರ್ಶಿ. ಹೆಚ್ಚಿನ ಕಡೆ ಸಂಬಳವಿಲ್ಲದ, ನಿವೃತ್ತ ವ್ಯಕ್ತಿ. ಪಾದ್ರಿ ಬದಲಾದರೆ ಚರ್ಚ್ ಸುಧಾರಿಸಿಕೊಳ್ಳುತ್ತದೆ. ಒಳ್ಳೆಯ ಹಾಲ್ ಕಾರ್ಯದರ್ಶಿ ಹೋದರೆ ಬಡಾವಣೆಯೇ ಪರದಾಡುತ್ತದೆ.

ಶಿಶುಕೂಟ ಈ ಹಾಲ್‌ಗಳ ಅತಿ ಸಾಮಾನ್ಯ ದೃಶ್ಯ. ವಾರಕ್ಕೊಂದು ಬೆಳಿಗ್ಗೆ, ನೆಲಕ್ಕೆ ಚಾಪೆ, ಪ್ಲಾಸ್ಟಿಕ್ ಆಟಿಕೆ, ಮಕ್ಕಳಿಗೆ ಹಣ್ಣಿನ ಹೋಳು, ದೊಡ್ಡವರಿಗೆ ಚಹಾ ಮತ್ತು ಬಿಸ್ಕತ್ತು, ಕೊನೆಗೆ ಎಲ್ಲರೂ ವೃತ್ತವಾಗಿ ಕೂತು ಶಿಶುಗೀತೆ. ಹೆರಿಗೆ ರಜೆಯಲ್ಲಿ ಮನೆಯೊಳಗೆ ಒಂಟಿಯಾದ ತಾಯಿಗೆ ಇನ್ನೊಬ್ಬ ವಯಸ್ಕರ ಜತೆ ಮಾತಾಡಲು ಸಿಗುವ ಮೊದಲ ಜಾಗ ಎಷ್ಟೋ ಸಲ ಇದೇ. ಮಕ್ಕಳ ಕೆಲಸ ನಿಯಮಿತವಾಗಿ ಮಾಡುವ ಸ್ವಯಂಸೇವಕರ ಹಿನ್ನೆಲೆಯನ್ನು ಸರ್ಕಾರಿ ದಾಖಲೆಗಳಲ್ಲಿ ತಪಾಸಣೆ ಮಾಡಲಾಗುತ್ತದೆ. ಚರ್ಚುಗಳೊಳಗೇ ಮಕ್ಕಳ ಮೇಲೆ ನಡೆದ ದೌರ್ಜನ್ಯಗಳು ಬಯಲಾದ ಮೇಲೆ ಬಿಗಿಯಾದ ಈ ಎಚ್ಚರ ಸಡಿಲಾಗಕೂಡದು. ಪೋರ್ಟ್ಸ್‌ಮತ್‌ನ ಉತ್ತರದ ಕೌಪ್ಲೇನ್ ಬಡಾವಣೆಯ ಸೇಂಟ್ ವಿಲ್ಫ್ರಿಡ್ಸ್ ಚರ್ಚಿನಲ್ಲಿ 2004ರಲ್ಲಿ ಶುರುವಾದ ‘ಮೆಸ್ಸಿ ಚರ್ಚ್’ ಶಿಶುಕೂಟದ ಮುಂದಿನ ಹೆಜ್ಜೆ: ಹಿರಿಯರು-ಕಿರಿಯರು ಒಟ್ಟಿಗೆ ಅಂಟು-ಬಣ್ಣದ ಕರಕುಶಲ, ಚಿಕ್ಕ ಪ್ರಾರ್ಥನೆ, ಬಳಿಕ ಸಹಭೋಜನ. ಭಾನುವಾರ ಬರಲಾಗದ ಕುಟುಂಬಗಳಿಗಾಗಿ ರೂಪಿಸಿದ ಈ ಪದ್ಧತಿ ಹತ್ತಾರು ದೇಶಗಳಿಗೆ ಹರಡಿದೆ.

ಸಂಜೆಯ ಹೊತ್ತು ಹಾಲ್‌ನ ಚಹರೆ ಬದಲಾಗುತ್ತದೆ. ಕುಡಿತ ಬಿಡಲು ಹೆಣಗುವವರ, ಬ್ರಿಟನ್ನಿನಲ್ಲಿ 1947ರಿಂದ ಇರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳು ಬಹಳ ಕಡೆ ಚರ್ಚ್ ಹಾಲ್‌ಗಳಲ್ಲೇ ಸೇರುತ್ತವೆ. ಅವು ಚರ್ಚಿನ ಅಂಗವಲ್ಲ. ಹೊರಗಿನಿಂದ ದೇಣಿಗೆ ಪಡೆಯುವುದಿಲ್ಲ. ಸದಸ್ಯರು ಕೈಲಾದಷ್ಟು ಹಾಕಿದ ಚಿಲ್ಲರೆಯಲ್ಲೇ ಬಾಡಿಗೆ ಕಟ್ಟುತ್ತವೆ. ಇಲ್ಲಿ ಚರ್ಚ್ ಕೊಡುವುದು ಕೋಣೆ, ಬಿಸಿ ಮತ್ತು ಮೌನ ಮಾತ್ರ. ಯಾರು ಬಂದರೆಂದು ಕೇಳದಿರುವುದೇ ಅದರ ದೊಡ್ಡ ಸೇವೆ.

ಹಸಿವಿನ ವಿಷಯ ಹೆಚ್ಚು ಕಟುವಾದದ್ದು. ಕ್ಯಾರಲ್ ಮತ್ತು ಪ್ಯಾಡಿ ಹೆಂಡರ್ಸನ್ ದಂಪತಿ 1997ರಲ್ಲಿ ಟ್ರಸೆಲ್ ಟ್ರಸ್ಟ್ ಸ್ಥಾಪಿಸಿದ್ದು ಬಲ್ಗೇರಿಯಾದ ಬೀದಿ ಮಕ್ಕಳಿಗಾಗಿ. ತಮ್ಮದೇ ಊರು ಸಾಲ್ಸ್‌ಬರಿಯ ತಾಯಿಯೊಬ್ಬಳು, ತನ್ನ ಮಕ್ಕಳು ಹಸಿದು ಮಲಗುತ್ತಿದ್ದಾರೆ, ಇಲ್ಲಿಯವರಿಗೇನು ಮಾಡುತ್ತೀರಿ ಎಂದು ಕೇಳಿದ ಮೇಲೆ 2000ದಲ್ಲಿ ಅವರು ಆಹಾರ ಬ್ಯಾಂಕ್ ಆರಂಭಿಸಿದರು. ಅದು ಚರ್ಚುಗಳ ಜಾಲದ ಮೂಲಕ ದೇಶವಿಡೀ ಬೆಳೆಯಿತು. ವೈದ್ಯರು, ಶಾಲೆ ಅಥವಾ ಸಮಾಜ ಕಾರ್ಯಕರ್ತರು ಕೊಟ್ಟ ಚೀಟಿ ತಂದವರಿಗೆ ಮೂರು ದಿನಕ್ಕಾಗುವಷ್ಟು ಸಾಮಾನು: ಡಬ್ಬಿಯ ಕಾಳು, ಸೂಪ್, ಪಾಸ್ತಾ, ಕೆಡದ ಹಾಲು, ಚಹಾಪುಡಿ. ಚೀಲ ತುಂಬುವಷ್ಟು ಹೊತ್ತು ಒಂದು ಕಪ್ ಚಹಾ, ಪಕ್ಕದಲ್ಲಿ ಕೂತು ಕೇಳುವ ಒಬ್ಬರು. 2023-24ರಲ್ಲಿ ಈ ಜಾಲವೊಂದೇ ಕೊಟ್ಟ ತುರ್ತು ಆಹಾರದ ಚೀಲಗಳು 31 ಲಕ್ಷಕ್ಕೂ ಹೆಚ್ಚು. ಇಂಧನ ಬೆಲೆ ಏರಿದ 2022ರ ಚಳಿಗಾಲದಲ್ಲಿ ಇದೇ ಹಾಲ್‌ಗಳು ಮನೆ ಬಿಸಿಮಾಡಿಕೊಳ್ಳಲಾಗದವರಿಗೆ ಹಗಲು ಕೂರುವ ಬೆಚ್ಚನೆಯ ತಾಣಗಳಾದವು. ಹೀಗಾಗಬೇಕಾಗಿ ಬಂದದ್ದು ಸಂಭ್ರಮಿಸುವ ಸಂಗತಿಯಲ್ಲ. 2010ರ ನಂತರ ಸರ್ಕಾರದ ಖರ್ಚು ಕಡಿತದಲ್ಲಿ ಗ್ರಂಥಾಲಯ, ಯುವಕೇಂದ್ರಗಳು ಮುಚ್ಚಿದ ಬಡಾವಣೆಗಳಲ್ಲಿ ಚರ್ಚ್ ಒಂದೇ ಉಳಿದ ಸಾರ್ವಜನಿಕ ಕೋಣೆ. ಸ್ವಯಂಸೇವಕರ ದಯೆ ಸರ್ಕಾರದ ಹೊಣೆಗೆ ಪರ್ಯಾಯವಾಗಲಾರದು.

ಈ ಸೇವೆಗೆ ಬೆಲೆ ಕಟ್ಟುವ ಪ್ರಯತ್ನವೂ ನಡೆದಿದೆ. ಬ್ರಿಟನ್ನಿನ ಸುಮಾರು 40,000 ಚರ್ಚ್ ಕಟ್ಟಡಗಳು ವರ್ಷಕ್ಕೆ 1,240 ಕೋಟಿ ಪೌಂಡ್ ಮೌಲ್ಯದ ಸಾಮಾಜಿಕ ಲಾಭ ನೀಡುತ್ತವೆ ಎಂದು ನ್ಯಾಷನಲ್ ಚರ್ಚಸ್ ಟ್ರಸ್ಟ್ 2020ರಲ್ಲಿ ಅಂದಾಜಿಸಿತು. ನೆಮ್ಮದಿಗೂ ದರ ಹಾಕಿದ ಲೆಕ್ಕವಾದ್ದರಿಂದ ಅಂಕಿಯನ್ನು ಎಚ್ಚರದಿಂದ ನೋಡಬೇಕು. ಚರ್ಚಿನ ಖಜಾಂಚಿಯ ಮುಂದಿರುವ ಲೆಕ್ಕ ಇನ್ನೂ ಸರಳ: ಬಾಡಿಗೆಯ ಆದಾಯ ಒಂದು ಕಡೆ, ಚಾವಣಿ, ವಿಮೆ, ಗ್ಯಾಸ್ ಬಿಲ್ಲು ಇನ್ನೊಂದು ಕಡೆ. ಇಂಗಾಲ ಹೊರಸೂಸುವಿಕೆಯನ್ನು 2030ರೊಳಗೆ ನಿವ್ವಳ ಸೊನ್ನೆಗೆ ಇಳಿಸುವ ಗುರಿಯನ್ನು ಚರ್ಚ್ ಆಫ್ ಇಂಗ್ಲೆಂಡ್ 2020ರಲ್ಲಿ ಒಪ್ಪಿಕೊಂಡಿದ್ದರಿಂದ ಹಳೆಯ ಬಾಯ್ಲರ್‌ಗಳ ಪ್ರಶ್ನೆಯೂ ಎದುರಾಗಿದೆ.

ಬಾಗಿಲು ಎಲ್ಲರಿಗೂ ತೆರೆದಿತ್ತೆಂದು ಹೇಳುವಂತಿಲ್ಲ. 1950ರ ದಶಕದಲ್ಲಿ ಕೆರಿಬಿಯನ್ ದ್ವೀಪಗಳಿಂದ ಬಂದ ಕಪ್ಪು ಕ್ರೈಸ್ತರಿಗೆ ಎಷ್ಟೋ ಇಂಗ್ಲಿಷ್ ಚರ್ಚುಗಳಲ್ಲಿ ತಣ್ಣನೆಯ ಸ್ವಾಗತ ಸಿಕ್ಕಿತು. ಅವರು ಬಾಡಿಗೆ ಹಾಲ್‌ಗಳಲ್ಲಿ ತಮ್ಮದೇ ಸಭೆ ಕಟ್ಟಿಕೊಂಡರು. ನ್ಯೂ ಟೆಸ್ಟಮೆಂಟ್ ಚರ್ಚ್ ಆಫ್ ಗಾಡ್ 1953ರಲ್ಲಿ ವುಲ್ವರ್‌ಹ್ಯಾಂಪ್ಟನ್ನಿನ ವೈಎಂಸಿಎ ಹಾಲ್‌ನಲ್ಲಿ ಆರಂಭವಾದದ್ದು ಹೀಗೆ. ಇಂದು ಇಂಗ್ಲಿಷ್ ಆರಾಧನೆ ಮುಗಿದ ಮಧ್ಯಾಹ್ನ ಅದೇ ಆಲಯದಲ್ಲಿ ಮಲಯಾಳಂ ಸಭೆ ಸೇರುವುದು ಹಲವು ಬಡಾವಣೆಗಳಲ್ಲಿ ರೂಢಿ. ಅಲ್ಲಿ ನೆಲೆಸಿದ ಕನ್ನಡಿಗರೂ ಯುಗಾದಿ, ದೀಪಾವಳಿಗೆ ಶಾಲೆಯ ಇಲ್ಲವೇ ಚರ್ಚಿನ ಹಾಲ್ ಹಿಡಿಯುವುದುಂಟು.

ಗಡಿಗಳು ಈಗಲೂ ಇವೆ. ಪ್ರತಿಷ್ಠಾಪಿತ ಆಲಯದೊಳಗೆ ಬೇರೆ ಧರ್ಮದ ಆರಾಧನೆಗೆ ಚರ್ಚ್ ಆಫ್ ಇಂಗ್ಲೆಂಡಿನ ನಿಯಮ ಅವಕಾಶ ಕೊಡುವುದಿಲ್ಲ; ಹಾಲ್‌ನ ವಿಷಯದಲ್ಲಿ ತೀರ್ಮಾನ ಸ್ಥಳೀಯರದು. ಮೆಥಡಿಸ್ಟ್ ಪಂಗಡದ ಹಾಲ್‌ಗಳಲ್ಲಿ ಹುಟ್ಟುಹಬ್ಬ ಮಾಡಬಹುದು, ಮದ್ಯ ಬಡಿಸುವುದಕ್ಕೆ ತಡೆಯಿದೆ. 2007ರಲ್ಲಿ ಟಾಂಟನ್ ಪಟ್ಟಣದ ಎರಡು ಚರ್ಚುಗಳು ಮಕ್ಕಳ ಯೋಗ ತರಗತಿಗೆ ಹಾಲ್ ನಿರಾಕರಿಸಿ ಸುದ್ದಿಯಾದವು. ನಂಬಿಕೆಯುಳ್ಳ ಸಂಸ್ಥೆಗೆ ಇಂಥ ಮಿತಿ ಹಾಕಿಕೊಳ್ಳುವ ಹಕ್ಕಿದೆ. ಆದರೆ ಬಡಾವಣೆಯಲ್ಲಿ ಬೇರೆ ಕೋಣೆಯೇ ಇಲ್ಲದಾಗ ಆ ಹಕ್ಕಿನ ಭಾರ ಹೊರಗಿನವರ ಮೇಲೆ ಬೀಳುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಮ್ಮನ್ನು ಕ್ರೈಸ್ತರೆಂದು ಗುರುತಿಸಿಕೊಂಡವರ ಪ್ರಮಾಣ 2011ರ ಜನಗಣತಿಯಲ್ಲಿ ಶೇ 59.3 ಇದ್ದದ್ದು 2021ರಲ್ಲಿ ಶೇ 46.2ಕ್ಕೆ ಇಳಿದಿರುವಾಗ ಈ ಪ್ರಶ್ನೆ ಇನ್ನಷ್ಟು ತೀವ್ರವಾಗಲಿದೆ.

ಹಾಡ್ಜ್ ಹಿಲ್‌ನ ಆ ಹೆಸರಾಂತ ಕಟ್ಟಡ ಈಗಿಲ್ಲ. ನಾಲ್ಕು ದಶಕ ಬಾಳಿದ ಅದನ್ನು 2000ದ ದಶಕದ ಕೊನೆಯಲ್ಲಿ ಕೆಡವಲಾಯಿತು. ಅಲ್ಲಿನ ಚರ್ಚ್ ಆಫ್ ಇಂಗ್ಲೆಂಡ್ ಸಭೆ ಹತ್ತಿರದ, ಬೇರೆ ಪಂಗಡದ ಯುನೈಟೆಡ್ ರಿಫಾರ್ಮ್ಡ್ ಚರ್ಚಿನವರ ಜತೆ ಕೂಡಿ ಅವರ ಕಟ್ಟಡವನ್ನೇ ಹಂಚಿಕೊಂಡಿತು. ತನ್ನ ಹಾಲ್‌ಗೆ ಜನರನ್ನು ಕರೆಯುವುದಕ್ಕಿಂತ ಬಡಾವಣೆಯವರು ಈಗಾಗಲೇ ಸೇರುವ ಕಡೆಗೆ ತಾನೇ ಹೋಗುವುದು, ನೆರೆಯವರಲ್ಲಿರುವ ಕೌಶಲಗಳನ್ನು ಗುರುತಿಸಿ ಜೋಡಿಸುವುದು ಅದರ ಹೊಸ ರೀತಿಯಾಯಿತು. ಸಭೆಯವರು ಒಬ್ಬರನ್ನೊಬ್ಬರು ಬಿಟ್ಟುಹೋಗದಿದ್ದರೆ ಕಟ್ಟಡ ಹೋದರೂ ಕೆಲಸ ನಡೆಯುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಎಲ್ಲ ಕಡೆಯೂ ಹಾಗಾಗುವುದಿಲ್ಲ. ಚರ್ಚ್ ಆಫ್ ಇಂಗ್ಲೆಂಡ್ ವರ್ಷಕ್ಕೆ ಸುಮಾರು 20 ಚರ್ಚುಗಳನ್ನು ಮುಚ್ಚುತ್ತದೆ. ಅಂಥ ನಿರ್ಧಾರ ಕೈಗೊಳ್ಳುವಾಗ ಭಾನುವಾರದ ತಲೆಯೆಣಿಕೆ ಒಂದನ್ನೇ ಮುಂದಿಟ್ಟುಕೊಳ್ಳುವುದು ತಪ್ಪು. ಉಳಿದ ಆರು ದಿನ ಆ ಕೀಲಿಯನ್ನು ಯಾರು ಯಾರು ಪಡೆಯುತ್ತಿದ್ದರು, ನಾಳೆಯಿಂದ ಅವರು ಎಲ್ಲಿಗೆ ಹೋಗುತ್ತಾರೆ ಎಂಬುದನ್ನೂ ಮೊದಲೇ ವಿಚಾರಿಸಿ ಬರೆದಿಡಬೇಕು.